ಮಾಲಿಂಗಪ್ಪ ಮನಿ ವೈಫೈ

"ಹೆಸರ ಏನ ಇಡೂಣ್ರಿ?" ಎಂದು ಲಖನ ಕೇಳಿದಾಗ ನಂದಾ ಕಿಸಕ್ಕನೆ ನಕ್ಕಿದ್ದಳು.

"ಕೂಸಿಗೇನ್ರಿ?"

"ವೈಫೈಗ್ರಿ. ಸದ್ಯಕ್ಕ ನನ್ನ ಕೈಯಾಗಿಂದ ಹುಟ್ಟೂ ಕೂಸು ಇದ ಒಂದ."

ಓರೆಗಣ್ಣಿಂದ ನೋಡಿದ ಅವನನ್ನು ಅವಳೂ ನೋಡಿದಳು. ನೋಡಿಯೇ ಇಲ್ಲವೆಂಬಂತೆ ಜಡೆಯ ತುದಿ ತಿರುವಿದಳು. ಒಳಗಿನಿಂದ ಅವಳ ಅಪ್ಪ ಮಾಲಿಂಗಪ್ಪ ಗುಡುಗಿದ: "ನನ್ನ ಹೆಸರ ಇಡಪಾ. ಮನಿ ನಂದ ಐತಿ."

ಗೋಕಾಕದ ಆ ಓಣಿಯ ಮಂದಿಯೇ ಹಾಗೆ. ಬಾಗಿಲ ಮೇಲೆ ಹೆಸರು, ಬೈಕಿನ ಮೇಲೆ ಹೆಸರು, ಕೊನೆಗೆ ವೈಫೈಗೂ ಮನೆಯ ಯಜಮಾನನದೇ ಹೆಸರು.

ಲಖನ ಗೋಕಾಕ ಫಾಲ್ಸಿನವನು. ಇಡೀ ಓಣಿಗೆ ಕೇಬಲ್ ಎಳೆದು, ಓಣಿಯ ತುದಿಯಲ್ಲೇ ಬಾಡಿಗೆಗೆ ಖೋಲಿ ಹಿಡಿದಿದ್ದ. ಆಮೇಲೆ ಮಾಲಿಂಗಪ್ಪನ ಮನೆಯ ವೈಫೈ ವಾರಕ್ಕೊಮ್ಮೆ ಯಾಕೆ ಕೆಡುತ್ತಿತ್ತು? ಅದು ಮಾಳಿಗೆ ಹತ್ತಿ ವೈರ್ ಕೀಳುತ್ತಿದ್ದ ನಂದಾಳಿಗೇ ಗೊತ್ತು.

ಒಂದು ಸಂಜೆ ಮಾಳಿಗೆಯ ಮೇಲೆ ವೈರ್ ಜೋಡಿಸುತ್ತ ಅವನು ಕೇಳಿದ, "ನಿನ್ನಿ ಹುಕ್ಕೇರಿಗೆ ಹೋಗಿದ್ಯಲ್ಲ?"

"ಯಾರ ಹೇಳಿದ್ರು?"

"ನಿಮ್ಮಪ್ಪನ ಹೆಸರ ಹೇಳ್ತು." ಮೊಬೈಲ್‌ನಲ್ಲಿ ಓಣಿಯ ವೈಫೈ ಹೆಸರುಗಳನ್ನೆಲ್ಲ ತೋರಿಸಿದ. "ಊರಿಗೆ ಹೋಗುವಾಗ ನೀವು ಮೇನ್ ಸ್ವಿಚ್ ತಗದು ಕರೆಂಟ್ ಬಂದ್ ಮಾಡ್ತೀರಿ. ಇದರಾಗಿಂದ ಹೆಸರ ಹೋಗ್ತದ. ಅವತ್ತ ನನಗ ಊಟಾ ಸೇರೂದಿಲ್ಲ. ಹೆಸರ ಬಂತಂದ್ರ ನೀ ಬಂದಿ."

"ಹುಚ್ಚ! ಬಾಗಲಕ್ಕ ಜಡದಿದ್ದ ಕೀಲಿ ನೋಡಿದ್ರ ತಿಳೀತಿರಲಿಲ್ಲೇನು?"

"ನಿಮ್ಮ ಬಾಗಲ ಕಡೆ ಕಣ್ಣೆತ್ತಿದ್ರ ನಿಮ್ಮಪ್ಪ ಕಣ್ಣ ಕಿತ್ತಾನು. ಮೊಬೈಲ್ ನೋಡಾವಗ ಯಾರೂ ಏನೂ ಅನ್ನೂದಿಲ್ಲ."

ಆ ಮಾತನ್ನು ನಂದಾ ಮೂರು ದಿನ ಬೆಲ್ಲದ ಚೂರಿನಂತೆ ಬಾಯಲ್ಲಿಟ್ಟುಕೊಂಡು ಓಡಾಡಿದಳು.

ಊರೂರಲ್ಲಿ ಲಗ್ನದ ದಿನಗಳು ಬಂದವು, ಅವುಗಳ ಬೆನ್ನಿಗೆ ಕಳ್ಳರೂ ಬಂದರು. ಓಣಿಯ ಎರಡು ಮನೆ ಒಡೆದರು. ಮೂರನೆಯದು ಬಾಜೂ ಮನೆಯ ಅಲ್ಲವ್ವನದು. ಮೂಡಲಗಿಗೆ ಲಗ್ನಕ್ಕೆ ಹೋಗಿ ಬರುವಷ್ಟರಲ್ಲಿ ಅವಳ ತಿಜೋರಿ ಬರಿದಾಗಿತ್ತು. ಕಟ್ಟೆಯ ಮೇಲೆ ಕೂತು ಎದೆ ಬಡಿದುಕೊಂಡು ಅತ್ತಳು.

"ಮನಿ ಖಾಲಿ ಐತಿ ಅಂತ ಕಳ್ಳಗ ಹೆಂಗ ಗೊತ್ತಾತು?" ಎಂದು ಮಾಲಿಂಗಪ್ಪ ಎಲ್ಲರನ್ನೂ ಕೇಳಿದ.

ನಂದಾಳಿಗೆ ಮಾಳಿಗೆಯ ಮೇಲೆ ಲಖನ ಆಡಿದ ಮಾತು ನೆನಪಾಯಿತು. ಮೂರು ಮನೆಯವರೂ ಮೇನ್ ಸ್ವಿಚ್ ತೆಗೆದೇ ಹೋಗಿದ್ದರು. ಲಖನನ ಖೋಲಿ ನೂರು ಹೆಜ್ಜೆ ದೂರ. ಹೋಗಿ "ಕದ್ದಾಂವ ನೀನೇನು?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅಪ್ಪನ ಮುಂದೆ ಹೋಗಿ, "ಯಾರ ಮನ್ಯಾಗಿಲ್ಲ ಅನ್ನೂದು ಲಖನನ ಮೊಬೈಲ್‌ದಾಗ ಕಾಣತೈತಂತಪ್ಪಾ" ಎಂದಳು. ಅವನು ಯಾರಿಗಾಗಿ ನೋಡುತ್ತಿದ್ದ ಎಂಬುದನ್ನು ಮಾತ್ರ ನುಂಗಿಕೊಂಡಳು. ಹೇಳಿದ್ದರೆ ತನ್ನ ಬಣ್ಣವೂ ಬಯಲಾಗುತ್ತಿತ್ತಲ್ಲ!

ಲಖನನನ್ನು ಎರಡು ದಿನ ಠಾಣೆಯಲ್ಲಿ ಕೂಡಿಸಿದರು. ಕೆಲಸ ಹೋಯಿತು, ಖೋಲಿಯೂ ಹೋಯಿತು. ಮೂಡಲಗಿಗೆ ಹೋದನೆಂದು ಯಾರೋ ಅಂದರು.

ತಿಂಗಳ ಮೇಲೆ ಕಣಗಲಾ ಊರಿನ ಹತ್ತಿರ ಹೈವೇಯಲ್ಲಿ ನಿಜವಾದ ಕಳ್ಳರು ಸಿಕ್ಕಿಬಿದ್ದರು. ವೈಫೈ ಅವರಿಗೆ ಯಾಕೆ ಬೇಕು? ಬಾಗಿಲಲ್ಲಿ ತೂಗುವ ಬೀಗ ನೋಡಿಯೇ ಮನೆ ಆರಿಸಿದ್ದರು. ಓಣಿಯ ಮಂದಿ "ಅಯ್ಯ ಪಾಪ, ಆ ಹುಡುಗ" ಎಂದು ಕೈ ತೊಳೆದುಕೊಂಡರು.

ಮುಂದೊಂದು ದಿನ ವೈಫೈ ಖರೆಯೇ ಕೆಟ್ಟಿತು. ಓಣಿಯ ವೈರುಗಳ ಗುಟ್ಟು ಬೇರೆ ಯಾರಿಗೂ ಹತ್ತಲಿಲ್ಲ. ಮಾಲಿಂಗಪ್ಪ ಮೋರೆ ಸಣ್ಣದು ಮಾಡಿಕೊಂಡು ಲಖನನಿಗೇ ಫೋನ್ ಮಾಡಿದ.

ಅವನು ಬಂದ, ಸೊರಗಿದ್ದ. ನಂದಾಳ ಅವ್ವ ದಾಕ್ಷಾಯಿಣಿ "ಬಾರಪಾ, ಚಾ ಕುಡಿ" ಎನ್ನುತ್ತಲೇ ತಿಜೋರಿಯ ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದನ್ನು ಲಖನ ನೋಡಿದ. ಅವನು ನೋಡಿದ್ದನ್ನು ನಂದಾ ನೋಡಿದಳು. ಚಾ ಮುಟ್ಟದೆ ಅವನು ಮಾಳಿಗೆ ಹತ್ತಿದ. ಅವಳೂ ಹಿಂದೆಯೇ ಹತ್ತಿದಳು.

"ಲಖನ, ತಪ್ಪಾತು. ಹೆದರಿಬಿಟ್ಟಿದ್ದೆ."

"ಇರ್ಲಿ ಬಿಡ್ರಿ."

ಆ 'ರಿ' ಕೇಳಿ ಅವಳ ಎದೆ ಚುರ್ ಎಂದಿತು. "ಮನಿಗೋಳ ಹೆಸರ ಯಾಕ ನೋಡತಿದ್ದಿ ಅಂತ ಠಾಣ್ಯಾಗ ಕೇಳಿರಬೇಕಲ್ಲ?"

"ಎರಡೂ ದಿನಾ ಅದನ್ನ ಕೇಳಿದ್ರು. ನಿನ್ನ ಹೆಸರ ಹೇಳಿದ್ರ ಬಿಡತಿದ್ರೇನೋ." ವೈರಿನ ತುದಿ ಸುಲಿಯುತ್ತ ಅಂದ, "ಹೇಳಲಿಲ್ಲ."

ನಂದಾ ಬಿಕ್ಕಿದಳು. "ನೀ ಅಂದ್ರ ನನಗ ಜೀವ, ಲಖನ."

"ಹಂಗಾರ ಕೆಳಗ ಹೋಗಿ ನಿಮ್ಮಪ್ಪನ ಮುಂದ ಒಂದ ಮಾತ ಹೇಳು. ಲಖನ ನೋಡತಿದ್ದದ್ದು ನನಗಾಗಿ ಅಂತ. ನನಗ ಮತ್ತೇನೂ ಬ್ಯಾಡ."

ಅವಳು ಕಣ್ಣೊರೆಸಿಕೊಂಡು ಹೂಂ ಎಂದಳು. ಮೆಟ್ಟಿಲ ತನಕ ಬಂದಳು. ಆಗಷ್ಟೇ ಹೊರಗಿನಿಂದ ಬಂದ ಅಪ್ಪನ ದನಿ ಕೆಳಗಿನಿಂದ ಕೇಳಿತು.

"ನಂದಾ! ಮ್ಯಾಲ ಯಾರ ಜೋಡಿ ಮಾತಾಡಾಕತ್ತಿ?"

ಬಾಯಿ ತೆರೆದಳು. ನಾಲಗೆಯ ತುದಿಗೆ ಬಂದಿದ್ದು ಒಂದು, ಹೊರಬಿದ್ದಿದ್ದು ಇನ್ನೊಂದು.

"ಯಾರಿಲ್ಲಪ್ಪಾ. ವೈಫೈದಾಂವ."

ಹಿಂದೆ ವೈರ್ ಕತ್ತರಿಸುವ ಪಕ್ಕಡ ಚೀಲಕ್ಕೆ ಬಿದ್ದ ಸಪ್ಪಳವಾಯಿತು. ಲಖನ ಬಾಜೂ ಬಂದು ನಿಂತು, ಅವಳ ಮುಖ ನೋಡದೆ ಕೇಳಿದ, "ಹೆಸರ ಅದ ಇರ್ಲೇನ್ರಿ, ನಿಮ್ಮಪ್ಪಂದು?"

ಅವಳು ಹೌದೆಂದು ತಲೆಯಾಡಿಸಿದಳು. ಅವನು ಇಳಿದು ಹೋದ.

ಈಗ ಹುಕ್ಕೇರಿಗೆ ಹೋಗುವಾಗ ಕಳ್ಳರ ಅಂಜಿಕೆಗೆ ಮಾಲಿಂಗಪ್ಪ ದೀಪ ಹಚ್ಚಿಟ್ಟೇ ಹೋಗುತ್ತಾನೆ, ಮೇನ್ ಸ್ವಿಚ್ ತೆಗೆಯುವುದಿಲ್ಲ. ನಂದಾ ಮನೆಯಲ್ಲಿದ್ದರೂ ಇರದಿದ್ದರೂ 'ಮಾಲಿಂಗಪ್ಪ ಮನಿ' ಎಂಬ ಹೆಸರು ಓಣಿಯಲ್ಲಿ ಇದ್ದೇ ಇರುತ್ತದೆ. ಅದು ಹೋದರೆ ಊಟ ಬಿಡುವವನು ಮಾತ್ರ ಆ ಓಣಿಯಲ್ಲಿ ಯಾರೂ ಇಲ್ಲ.