ಪಾಪನಿವೇದನೆ ಮತ್ತು ಗುರುವಾರದ ಕ್ಲಿನಿಕ್

"ಫಾದರ್ ಇರಬೇಕಾದ್ರ ನೀವ್ಯಾಕ ಬೇಕ್ರಿ, ಮೇಡಂ?"

ಜೇವರ್ಗಿಯ ಪುಟ್ಟ ಕ್ಲಿನಿಕ್ಕಿಗೆ ತಾಯಿಯೊಂದಿಗೆ ಬಂದ ಇನ್ನಾಸಪ್ಪನ ಮೊದಲ ಮಾತೇ ಅದು. ಅವನು ಮಿಷನ್ ಶಾಲೆಯ ಗಣಿತದ ಮಾಸ್ತರ. ಎದುರಿಗಿದ್ದ ಪ್ರಾಚಿ ಅಫಜಲಪುರದವಳು. ಪುಣೆಯಲ್ಲಿ ಮನೋವಿಶ್ಲೇಷಣೆ ಕಲಿತು ಬಂದು ಗುರುವಾರಕ್ಕೊಮ್ಮೆ ಇಲ್ಲಿ ಕೂರುತ್ತಿದ್ದಳು.

"ನಿಮ್ಮ ಅವ್ವನ್ನ ಕಳಿಸಿದವರು ಫಾದರೇ ಅಲ್ಲೇನ್ರಿ?"

ಅದು ನಿಜ. ಕಿರಿಯ ಮಗ ಹೈವೇಯಲ್ಲಿ ತೀರಿಕೊಂಡ ಮೇಲೆ ಅವನ ತಾಯಿ ಲೂರ್ದಮ್ಮ ಎಂಟು ವರ್ಷ ಚರ್ಚಿನಲ್ಲಿ ಫಾದರ್ ಮುಂದೆ ಒಂದೇ ಪಾಪವನ್ನು ನಿವೇದಿಸಿದ್ದಳು. ಕ್ಷಮೆ ಸಿಕ್ಕರೂ ನಿದ್ದೆ ಬರಲಿಲ್ಲ. "ದೇವರು ಕ್ಷಮಿಸ್ಯಾನ, ನೀನೇ ಕ್ಷಮಿಸಿಕೊಂಡಿಲ್ಲ ಅಂದ್ರು ಫಾದರ್" ಎಂದು ಅವಳೇ ಮಗನಿಗೆ ಹೇಳಿದ್ದಳು.

ವಾರವಾರ ತಾಯಿಯನ್ನು ಬೈಕಿನಲ್ಲಿ ಕರೆತಂದು ಅವನು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ. ಒಮ್ಮೆ ತಡೆಯಲಾರದೆ ಕೇಳಿದ.

"ಅವ್ವ ಒಳಗ ಏನ್ ಹೇಳ್ತಾಳ್ರಿ?"

"ಫಾದರ್ ಹೇಳ್ತಾರೇನು?"

"ಇಲ್ಲ."

"ನಾನೂ ಹೇಳಂಗಿಲ್ರಿ."

ಅವನು ನಕ್ಕ. ತನ್ನ ನಗು ಮುಚ್ಚಲು ಅವಳು ಫೈಲ್ ತೆರೆದಳು, ಅದೂ ತಲೆಕೆಳಗಾಗಿ.

"ಹಂಗಾದ್ರ ನಿಮಗೂ ಅವರಿಗೂ ಫರಕೇನ್ರಿ?"

"ಅವರು ಕ್ಷಮಿಸ್ತಾರ. ನನಗ ಆ ಅಧಿಕಾರ ಇಲ್ಲ. ನಾನು ಕೇಳಿಸ್ಕೋತೇನಿ, ಅಷ್ಟ."

ದೀಪಾವಳಿಯ ಹೊತ್ತಿಗೆ ಅವನು, "ಮೇಡಂ, ನನ್ನ ಮನಸಿನ್ಯಾಗ ನೀವು..." ಎಂದು ಶುರುಮಾಡಿದ.

"ಬ್ಯಾಡ್ರಿ. ನಿಮ್ಮವ್ವ ನನ್ನ ಹತ್ರ ಬರ್ತಿರೋತನಕ ಆ ಮಾತು ಬ್ಯಾಡ. ನಾನು ನಿಮ್ಮಾಕಿ ಆದ್ರ, ಅವರು ಯಾರ ಮುಂದ ಬಾಯಿ ಬಿಡಬೇಕು?"

ಹೇಳುವಾಗ ಅವಳ ಕಿವಿಗಳು ಕೆಂಪಾಗಿದ್ದವು. ಮುಂದಿನ ವಾರದಿಂದ ಅವನು ರಸ್ತೆಯಾಚೆಯ ಹೋಟೆಲಿನಲ್ಲಿ ಕಾದ.

ಈಸ್ಟರಿನ ಮುಂಚಿನ ಉಪವಾಸದ ದಿನಗಳಲ್ಲಿ ಲೂರ್ದಮ್ಮ ತಾನಾಗಿಯೇ ಮಗನಿಗೆ ಹೇಳಿದಳು: "ಆವತ್ತ ಸಿಟ್ಟಿನಾಗ ನಿನ್ನ ತಮ್ಮಗ 'ಮನಿಗಿ ಬರಬ್ಯಾಡ' ಅಂದಿದ್ದೆಪಾ. ಅವ ಬರಲೇ ಇಲ್ಲ." ಇಬ್ಬರೂ ಅತ್ತರು. ಆಮೇಲೆ ಅವಳಿಗೆ ನಿಧಾನವಾಗಿ ನಿದ್ದೆ ಬರತೊಡಗಿತು. ಬೇಸಿಗೆಯಲ್ಲಿ ಕ್ಲಿನಿಕ್ಕಿನ ಭೇಟಿಗಳು ಮುಗಿದವು.

ಇನ್ನಾಸಪ್ಪ ಮತ್ತೆ ಕೇಳಲಿಲ್ಲ. ಆರು ತಿಂಗಳಾದ ಮೇಲೆ ಪ್ರಾಚಿಯೇ ಶಾಲೆಯ ಗೇಟಿಗೆ ಬಂದಳು.

"ಮೊದಲ ಹೇಳ್ತೇನಿ, ಸರ್. ಚರ್ಚಿಗೆ ನಿಮ್ಮ ಜೋಡಿ ಬರ್ತೇನಿ. ನಂಬ್ತೇನಿ ಅಂತ ಸುಳ್ಳ ಹೇಳಂಗಿಲ್ಲ."

"ಸುಳ್ಳ ಬ್ಯಾಡ್ರಿ. ನಂಬಿಕಿ ನಂದು. ಬ್ಯಾರೆ ಧರ್ಮದವರ ಜೋಡಿ ಮದುವಿಗಿ ಬಿಷಪ್ಪರ ಅನುಮತಿ ಬೇಕು, ಕೇಳ್ತೇನಿ. ತಡ ಆದ್ರ ಕಾಯ್ತೇನಿ."

"ನಾನೂ ಕಾದೇನ್ರಿ. ನೀವು ಬೆಂಚಿನ ಮ್ಯಾಲ ಕೂಡ್ತಿದ್ದಾಗಿಂದ."

ಚಾಕ್‌ಪುಡಿ ಮೆತ್ತಿದ್ದ ಅವನ ಕೈಯನ್ನು ಅವಳು ಹಾಗೆಯೇ ಹಿಡಿದುಕೊಂಡಳು.

"ನಡೀರಿ, ನಿಮ್ಮವ್ವಗ ಹೇಳೂಣು. ಈ ಸಲ ಅವರು ಕೇಳ್ಲಿ, ನಾವು ಮಾತಾಡೂಣು."