ಕೌದಿ ಹೊದ್ದ ಬಿಯರ್

"ಅಯ್ಯೋ, ದೇವರೇ!"

ಢಬ್! ಬಕೆಟ್ಟಿನ ಮುಚ್ಚಳ ಹಾರಿ ಅಡುಗೆಮನೆಯ ಸೂರಿಗೆ ಬಡಿಯಿತು. ನೇತ್ರಾ ಕಿರುಚಿದ್ದು ಮೆಟ್ಟಿಲ ತನಕ ಕೇಳಿಸಿತು.

ಎದುರುಮನೆಯ ಬಾಗಿಲು ತೆರೆಯಿತು. "ಯಾರ್ರೀ ಅದು, ಮ್ಯಾನ್‌ಹೈಮ್‌ನಾಗ ಕನ್ನಡದಾಗ ಚೀರೋದು?"

ಓಡಿಬಂದವನ ತಲೆಯ ಮೇಲೆ ಸೂರಿನಿಂದ ನೊರೆಯ ಮುದ್ದೆಯೊಂದು ತೊಪ್ಪನೆ ಬಿತ್ತು.

"ಸಾರಿ! ಸಾರಿ ರೀ…"

ಅವನು ತುಟಿಯ ಮೇಲಿಳಿದ ನೊರೆ ನೆಕ್ಕಿದ. "ಕಹಿ ಐತಿ. ಏನಿದು?"

"ಬಿಯರ್. ನಾನೇ ಮಾಡ್ತಿದೀನಿ."

ನಗುತ್ತಾನೆ ಅಂದುಕೊಂಡಳು. ಅವನು ನಗಲಿಲ್ಲ. ಕಣ್ಣರಳಿಸಿ ಅವಳನ್ನೇ ನೋಡಿದ. ಆ ನೋಟಕ್ಕೆ ಅವಳ ಎದೆ ಝಲ್ಲೆಂದಿತು!

ಅವನು ಶೈಲೇಶ, ಧಾರವಾಡದ ಎಂಜಿನಿಯರ್. ಅವಳು ಮೈಸೂರಿನವಳು, ಜರ್ಮನಿಯವರ ಗ್ರೀನ್ ಕಾರ್ಡ್ ಮೇಲೆ ಬಂದ ಸಾಫ್ಟ್‌ವೇರ್ ಹುಡುಗಿ.

"ಇದು ಏಲ್ ಅನ್ನೋ ಬಿಯರಿನ ಯೀಸ್ಟ್. ಹಿತವಾದ ಬಿಸಿ ಇದ್ರೆ ಮೇಲೆ ನೊರೆ ಕಟ್ಟಿ ಚೆನ್ನಾಗಿ ಹುದುಗುತ್ತೆ. ನಾನು ಇಡ್ಲಿ ಹಿಟ್ಟಿನ ಥರ ಕಂಬಳಿ ಹೊದಿಸಿ ಹೈಟ್ಸುಂಗ್‌ಗೆ, ಅದೇ ಗೋಡೆ ಹೀಟರ್‌ಗೆ, ಅಂಟಿಸಿ ಇಟ್ಬಿಟ್ಟೆ… ಕಾವು ಜಾಸ್ತಿಯಾಗಿ ಹುಚ್ಚೆದ್ದು ಉಕ್ತು."

"ಯಾಕ್ರೀ ಇಷ್ಟು ತ್ರಾಸು? ಅಂಗಡ್ಯಾಗ ಸಿಗಂಗಿಲ್ಲೇನು?"

"ಮನೆ ಓನರ್ ಫ್ರಾವ್ ಶೇಫರ್ ನಕ್ಕರು, ಇಂಡಿಯಾದವರಿಗೆ ಬಿಯರ್ ಏನು ಗೊತ್ತು ಅಂತ. ಈ ಸಲದ ಹೋಫ್‌ಫೆಸ್ಟ್‌ನಲ್ಲಿ, ನಮ್ಮ ಅಂಗಳದ ಹಬ್ಬದಲ್ಲಿ, ಎಲ್ಲರಿಗೂ ನನ್ನ ಬಿಯರ್ರೇ!"

ಅಂದಿನಿಂದ ಅವನು ಸಂಜೆ ಬಂದು ಬಕೆಟ್ಟಿಗೆ ಕಿವಿಯಿಡುವುದು ರೂಢಿಯಾಯಿತು. ಹೊಸ ಬಕೆಟ್, ಹೊಸ ಯೀಸ್ಟ್. ಮುಚ್ಚಳದ ಕೊಳವೆಯಲ್ಲಿ ಗುಳ್ಳೆ ಬುಳುಕ್ ಎಂದಾಗಲೆಲ್ಲ ಇಬ್ಬರೂ ಮುಖ ನೋಡಿಕೊಂಡು ನಗುತ್ತಿದ್ದರು.

ಹುದುಗುತ್ತಿರುವುದು ಬಿಯರ್ ಮಾತ್ರವೇ…? ನೇತ್ರಾ ತನ್ನನ್ನೇ ಕೇಳಿಕೊಂಡಳು.

ಆಫೀಸ್ ಕೆಲಸಕ್ಕೆ ಫ್ರಾಂಕ್‌ಫರ್ಟ್‌ಗೆ ಹೋಗುವಾಗ ಮನೆಯ ಕೀಲಿಯನ್ನು ಅವನಿಗೇ ಕೊಟ್ಟಳು. ಮರಳಿ ಬಂದರೆ ಬಕೆಟ್ ಇಲ್ಲ! ಸಿಕ್ಕಿದ್ದು ನೆಲಮಾಳಿಗೆಯ ಕೆಲ್ಲರ್‌ನಲ್ಲಿ, ಕತ್ತಲ ಮೂಲೆಯಲ್ಲಿ. ಮುಟ್ಟಿದರೆ ಮಂಜಿನಂತೆ ತಣ್ಣಗೆ. ಒಂದೂ ಗುಳ್ಳೆಯಿಲ್ಲ. ನೇರ ಹೋಗಿ ಶೈಲೇಶನ ಬಾಗಿಲು ಬಡಿದಳು.

"ಭಾನುವಾರ ಅಬ್‌ಸ್ಟಾಟ್ ಊರಿಂದ ನಿಮ್ಮ ಫ್ರೆಂಡ್ಸ್ ಬಂದಿದ್ರಂತೆ. ಅದಕ್ಕೇ ಬಚ್ಚಿಟ್ರಾ? ಎದುರುಮನೆ ಹುಡುಗಿ ಬಿಯರ್ ಮಾಡ್ತಾಳೆ ಅಂತ ಹೇಳ್ಕೊಳ್ಳೋಕೆ ನಾಚಿಕೆನಾ?"

"ಹಂಗಲ್ಲ ನೇತ್ರಾ, ಕೇಳ್ರಿ…"

ಅವಳು ಕೇಳಲಿಲ್ಲ. ಬಾಗಿಲು ಮುಚ್ಚಿಕೊಂಡು ಅತ್ತಳು. ಬಿಯರ್ ಹೋದದ್ದಕ್ಕಲ್ಲ… ಅವನೂ ಎಲ್ಲರಂತೆಯೇ ಆದದ್ದಕ್ಕೆ!

ಸ್ವಲ್ಪ ಹೊತ್ತಿನಲ್ಲಿ ಹೊರಗೆ ಏದುಸಿರು. ಆಮೇಲೆ ಅವನ ದನಿ. ಊರಿಗೆ ಫೋನ್ ಮಾಡುತ್ತಿದ್ದ.

"ಅವ್ವಾ, ಥಂಡಿಗೆ ದೋಸಿ ಹಿಟ್ಟು ಹುದುಗದಿದ್ರ ಏನ್ ಮಾಡ್ತಿ?… ದೋಸಿದಲ್ಲಬೇ, ಬಿಯರಿಂದು! ಏನ್ ಚೀರ್ತಿ? ಹುಡುಗೀನ ಮಾಡ್ಯಾಳ. ಜರ್ಮನಿ ಮಂದಿಗೇ ಕುಡಿಸಾಕಿ! ಮೊದಲಿನ್ಹಂಗ ಉಕ್ಕಬಾರದಂತ ನಾನು ಮೂರ್ಖ ಕೆಳಗ ಒಯ್ದಿಟ್ಟೆ. ಇಲ್ಲಿ ಮಂದಿ ಬಿಯರ್ ತಂಪಿನಾಗ ಇಡ್ತಾರಂತ… ದೋಸ್ತರಿಗೂ ಹೇಳೇನಿ, ಹಿಂಥಾಕಿ ಎಲ್ಲೂ ಇಲ್ಲಂತ. ಆದ್ರ ಆಕೀ ಮುಂದ ಹೇಳಾಕ ಆಗವಲ್ದು…"

ನೇತ್ರಾ ಮೆಲ್ಲಗೆ ಬಾಗಿಲು ತೆರೆದಳು. ಹೊಸ್ತಿಲಲ್ಲೇ ಬಕೆಟ್. ಅದಕ್ಕೆ ಅವನ ತಾಯಿ ಅಂಬವ್ವ ಹೊಲಿದ ಬಣ್ಣಬಣ್ಣದ ಕೌದಿ ಹೊದಿಸಿತ್ತು. ಅವನು ದಿನಾ ಹೊದೆಯುವ ಕೌದಿ! ಪಕ್ಕದಲ್ಲಿ ಬೆವರಿಳಿಸುತ್ತ ಅವನು.

"ಸತ್ತು ಹೋಗೇತೇನ್ರಿ?" ಅವನು ಕೌದಿಯ ಅಂಚು ಸರಿಪಡಿಸುತ್ತ ಕೇಳಿದ.

"ಇಲ್ಲ ಶೈಲೇಶ್. ತಂಪಿನಲ್ಲಿ ಹುದುಗೋದು ಬೇರೆ ಥರದ್ದು, ಲಾಗರ್ ಯೀಸ್ಟ್. ನಮ್ಮದು ಚಳಿಗೆ ತಳಕ್ಕಿಳಿದು ಮಲಗಿದೆ ಅಷ್ಟೇ. ಮೆಲ್ಲಗೆ ಅಲುಗಿಸಿ ಎಬ್ಬಿಸಬೇಕು… ಹಿಡ್ಕೊಳ್ಳಿ."

ಇಬ್ಬರ ಕೈಗಳೂ ಕೌದಿಯ ಮೇಲೆ. ಮೆಲ್ಲಗೆ ಅಲುಗಿಸಿದರು. ಬಕೆಟ್ ಒಳಗೊಯ್ದು ಹೈಟ್ಸುಂಗ್‌ನಿಂದ ಒಂದಿಷ್ಟು ದೂರವೇ ಇಟ್ಟು ಕಾದರು. ಮಾರನೆಯ ಸಂಜೆಯೂ ಕಿವಿಯಿಟ್ಟು ಕೂತರು. ಮೌನ… ಮೌನ…

ಬುಳುಕ್!

"ಎದ್ದೈತಿ!" ಶೈಲೇಶ ಕುಣಿದೇಬಿಟ್ಟ. ನೇತ್ರಾಳ ಕಣ್ಣು ತುಂಬಿ ಬಂತು.

ಹೋಫ್‌ಫೆಸ್ಟ್ ದಿನ ಫ್ರಾವ್ ಶೇಫರ್ ಒಂದು ಗುಟುಕು ಕುಡಿದರು. ಇನ್ನೊಂದು, ಮತ್ತೊಂದು. ಆಮೇಲೆ ಖಾಲಿ ಗ್ಲಾಸನ್ನು ಮತ್ತೆ ಮುಂದೆ ಚಾಚಿದರು! "ಯಾರು ಮಾಡಿದ್ದು ಇದು? ನಿಜವಾಗಿಯೂ?" ಎಂದು ಜರ್ಮನ್‌ನಲ್ಲಿ ಕೇಳಿದರು.

ನೇತ್ರಾ ಬಾಯಿ ತೆರೆಯುವ ಮೊದಲೇ ಶೈಲೇಶ ಅಬ್‌ಸ್ಟಾಟ್ ಗೆಳೆಯರ ನಡುವೆ ಎದ್ದು ನಿಂತ. ಕಲಿತ ಜರ್ಮನ್ ಎಲ್ಲ ಮರೆತುಹೋಗಿತ್ತು.

"ನಮ್ಮಾಕಿ!"

ಅಂಗಳವೆಲ್ಲ ತಿರುಗಿ ನೋಡಿತು. ನೇತ್ರಾಳ ಕೆನ್ನೆ ಕೆಂಪಾಯಿತು, ತಲೆ ಮಾತ್ರ ತಗ್ಗಲಿಲ್ಲ.

"ಏನಂದ್ರಿ?"

"ನಮ್ಮಾಕಿ ಅಂದ್ನಿ. ತಪ್ಪಾತೇನು?" ಅವನು ದನಿ ತಗ್ಗಿಸಿದ.

"ತಪ್ಪೇ." ಅವಳು ಅವನ ಕೈ ಹಿಡಿದಳು. "ಅಷ್ಟು ಮೆಲ್ಲಗೆ ಹೇಳಿದ್ದು… ಇನ್ನೊಂದ್ಸಲ ಹೇಳಿ, ಜೋರಾಗಿ."