ಕೋಣನ ಪಕ್ಕದ ಸೀಟು

"ಇಳೀರಿ ಮೇಡಂ."

"ಇಳಿಯಲ್ಲ."

ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಟೋಯಿಂಗ್ ಗಾಡಿಯ ಕೊಕ್ಕೆ ಆಗಲೇ ಕಾರಿನ ಮೂತಿಗೆ ಬಿದ್ದಿತ್ತು. ಅದನ್ನು ಕಾರು ಎನ್ನುವುದಕ್ಕಿಂತ ಕಾರಿನ ಅಸ್ಥಿಪಂಜರ ಎನ್ನಬೇಕು. ಉದ್ದನೆಯ ಬಾನೆಟ್, ಎರಡೇ ಬಾಗಿಲು, ಒಂದು ಕಾಲಕ್ಕೆ ಬೀದಿಯನ್ನೇ ನಡುಗಿಸಿದ್ದ ಎಂಟು ಸಿಲಿಂಡರಿನ ಎಂಜಿನ್. ಈಗ ನಾಲ್ಕು ಚಕ್ರಗಳೂ ಚಪ್ಪಟೆ. ಧೂಳು ಹಿಡಿದ ಗಾಜಿನ ಮೇಲೆ ಯಾರೋ ಬೆರಳಲ್ಲಿ ಬೈಗುಳ ಬರೆದಿದ್ದರು. ಫ್ಲ್ಯಾಟಿನ ಮಕ್ಕಳು ಅದಕ್ಕೆ ಕೋಣ ಎಂದು ಹೆಸರಿಟ್ಟಿದ್ದರು.

ಕೋಣನ ಸ್ಟೀರಿಂಗ್ ಹಿಡಿದು ಅವಳು ಕೂತಿದ್ದಳು. ಬೆಳಿಗ್ಗೆಯಷ್ಟೇ ಫ್ಲ್ಯಾಟಿನ ಸಂಘದಿಂದ ಗುಜರಿ ಬೆಲೆಗೆ ಇದನ್ನು ಕೊಂಡಿದ್ದೇನೆ, ಬರಬೇಡಿ ಎಂದು ನಿಮಗೆ ಫೋನ್ ಮಾಡಲು ಫ್ಲ್ಯಾಟಿನ ಕಾರ್ಯದರ್ಶಿ ಮರೆತಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿ ರಸೀದಿ ಚಾಚಿದಳು.

ಗಾಡಿಯವನು ರಸೀದಿ ನೋಡಲಿಲ್ಲ, ಕಾರನ್ನು ನೋಡಿದ. ಆ ನೋಟ ಅವಳಿಗೆ ಹಿಡಿಸಲಿಲ್ಲ. *ಇವನಿಗೂ ಇದರ ಮೇಲೆ ಕಣ್ಣಿದೆ...*

"ತಗೊಂಡು ಏನ್ ಮಾಡ್ತೀರಾ?"

"ಓಡಿಸ್ತೀನಿ."

"ಇದು ಮನೆ ಹಾಳು ಮಾಡೋ ಗಾಡಿ."

"ಹಾಳಾಗೋಕೆ ನನಗೆ ಮನೆ ಇಲ್ಲ. ಶೆಡ್ ಇದೆ. ಅಲ್ಲಿಗೆ ಬಿಡಿ."

ಅವನಿಗೆ ನಗು ಬಂತು, ಆದರೆ ಅದು ಸಂತೋಷದ ನಗುವಾಗಿರಲಿಲ್ಲ. ತಾನು ಇಳಿದರೆ ಇವನು ಗುಜರಿಯ ದಾರಿ ಹಿಡಿಯುತ್ತಾನೆ ಎಂಬ ಭಯಕ್ಕೆ ಅವಳು ಕೊನೆಗೂ ಇಳಿಯಲಿಲ್ಲ. ಆಕಾಶಕ್ಕೆ ಮುಖ ಮಾಡಿ ಎತ್ತಿದ ಕಾರಿನೊಳಗೆ ಅಂಗಾತ ಕೂತೇ ಊರ ಅರ್ಧ ದಾಟಿದಳು. ಶೆಡ್ಡಿನಲ್ಲಿ ಇಳಿಸಿದ ಮೇಲೆ ಅವನು ಬಾಡಿಗೆ ಕೇಳಲಿಲ್ಲ. ಯಾಕೆಂದು ಕೇಳಿದರೆ, ಗುಜರಿಗಿಂತ ಇದು ಹತ್ತಿರ, ಡೀಸೆಲ್ ಉಳಿಯಿತು ಎಂದ.

ಎಲ್ಲರೂ ಅವನನ್ನು ಕೊಕ್ಕೆ ಎನ್ನುತ್ತಿದ್ದರು. ಅವಳನ್ನು ಸೂಜಿ ಎನ್ನುತ್ತಿದ್ದರು.

ಅವಳು ಅಣ್ಣನ ಕುಶನ್ ಅಂಗಡಿಯಲ್ಲಿ ಕಾರುಗಳ ಸೀಟು ಹೊಲಿಯುತ್ತಿದ್ದಳು. ಹೊಲಿಗೆ ಅವಳದು, ಬೋರ್ಡಿನ ಮೇಲಿನ ಹೆಸರು ಅಣ್ಣನದು. ಗಿರಾಕಿಗಳು ಸೀಟು ಸವರಿ ಅಣ್ಣನ ಬೆನ್ನು ತಟ್ಟುತ್ತಿದ್ದರು. ಸಿನಿಮಾದವರಿಗೆ ಹಳೆಯ ಕಾರುಗಳನ್ನು ಬಾಡಿಗೆಗೆ ಕೊಡುವ ಒಬ್ಬ ವ್ಯಾಪಾರಿ ಮಾತ್ರ ಸೂಜಿ ಹಿಡಿದ ಕೈ ಯಾರದೆಂದು ಗಮನಿಸಿದ್ದ. ಮುಂದಿನ ತಿಂಗಳ ಮೊದಲ ಸೋಮವಾರ ಬರುತ್ತೇನೆ, ಅಷ್ಟರಲ್ಲಿ ಒಂದು ಹಳೆಯ ಕಾರನ್ನು ನೀನೇ ಸಿದ್ಧಪಡಿಸಿ ತೋರಿಸು, ಗಾಡಿ ಓಡಬೇಕು, ಮಾರಾಟದ ಕಾಗದ ನಿನ್ನ ಹೆಸರಲ್ಲಿರಬೇಕು, ಹಾಗಿದ್ದರೆ ಆ ಗಾಡಿಯನ್ನೂ ಬಾಡಿಗೆಗೆ ಹಿಡಿಯುತ್ತೇನೆ, ವರ್ಷದ ಕೆಲಸವೂ ನಿನಗೇ ಎಂದಿದ್ದ.

ಅಣ್ಣ ಅಂಗಡಿಯ ಹಿಂದಿನ ಶೆಡ್ಡನ್ನು ಆ ಸೋಮವಾರದವರೆಗೆ ಬಿಟ್ಟುಕೊಟ್ಟ. ಆಮೇಲೆ ಅದಕ್ಕೆ ಬಾಡಿಗೆದಾರ ಬರುತ್ತಾನೆ.

"ಆಗದಿದ್ರೆ ಕೋಣ ಗುಜರಿಗೆ, ನೀನು ಹೊಲಿಗೆ ಮಿಷಿನ್ನಿಗೆ. ಸರಿನಾ? ಆಮೇಲೆ ಮೂತಿ ಊದಿಸ್ಕೊಂಡು ಕೂರಬಾರದು," ಎಂದ ಅಣ್ಣ.

ಅವಳು ಸರಿ ಎಂದಳು.

ಕೈಯಲ್ಲಿ ಇದ್ದದ್ದು ಅಷ್ಟಕ್ಕಷ್ಟೇ. ಸೀಟಿಗೆ ಸೋಫಾ ಕಾರ್ಖಾನೆಯಲ್ಲಿ ಉಳಿದ ಚರ್ಮ ತಂದಳು. ಬಣ್ಣ ಒಂದಕ್ಕೊಂದು ಹೊಂದದಿದ್ದಾಗ ಬೇಕೆಂದೇ ಪಟ್ಟೆ ಪಟ್ಟೆಯಾಗಿ ಹೊಲಿದಳು. ವೈಪರಿನ ಮೋಟಾರು ಯಾವುದೋ ಸತ್ತ ವ್ಯಾನಿನದು. ಪೆಟ್ರೋಲ್ ಟ್ಯಾಂಕಿನ ತುಕ್ಕು ತೆಗೆಯಲು ಒಳಗೆ ಜಲ್ಲಿಕಲ್ಲು ಹಾಕಿ ತೋಳು ಬೀಳುವವರೆಗೆ ಕುಲುಕಿದಳು.

ಎಂಜಿನ್ ಮಾತ್ರ ಜಾಮ್ ಆಗಿತ್ತು. ಅದು ಅವಳ ವಿದ್ಯೆಯಲ್ಲ.

ಒಂದು ಸಂಜೆ ಕೊಕ್ಕೆ ತಾನಾಗಿ ಬಂದ. ಈ ಕಡೆ ಹೋಗುತ್ತಿದ್ದೆ ಎಂದ. ಪ್ಲಗ್ ಬಿಚ್ಚಿ ಆ ತೂತುಗಳಿಗೆ ಎಣ್ಣೆ ಸುರಿದು ಹೋದ. ಮರುದಿನ ಮತ್ತೆ ಈ ಕಡೆಯೇ ಹೋಗುತ್ತಾ ಬಂದ. ದಿನವೂ ಎಂಜಿನ್ನಿನ ಬೋಲ್ಟಿಗೆ ಪಾನಾ ಹಾಕಿ ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸುವುದು, ಹೋಗುವುದು. ಉದ್ದನೆಯ ಪೈಪ್ ಸಿಕ್ಕಿಸಿ ಒಂದೇ ಸಲ ತಿರುಗಿಸಿಬಿಡೋಣ ಎಂದು ಅವಳು ಚಡಪಡಿಸಿದಾಗ ಪೈಪನ್ನು ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ.

"ಜೋರು ಮಾಡಿದ್ರೆ ಒಳಗೇ ಮುರಿಯುತ್ತೆ. ಎಣ್ಣೆ ಹಾಕಿ ಕಾಯಬೇಕು."

"ನನಗೆ ಕಾಯೋಕೆ ಟೈಮಿಲ್ಲ."

"ಎಂಜಿನ್ನಿಗೆ ಅದು ಗೊತ್ತಿಲ್ವಲ್ಲ."

ಅವಳಿಗೆ ಸಿಟ್ಟು ಬಂತು. ಆದರೂ ಮರುದಿನ ಸಂಜೆ ಗಾಡಿಯ ಸದ್ದಿಗೆ ಕಿವಿ ನಿಮಿರಿತು. *ಎಂಜಿನ್ ಚಿಂತೆ ಅಷ್ಟೇ,* ಎಂದುಕೊಂಡಳು. ಸುಳ್ಳೆಂದು ಅವಳಿಗೇ ಗೊತ್ತಿತ್ತು.

ಪಕ್ಕದ ಸೀಟಿನ ಬಾಗಿಲು ಕಚ್ಚಿಕೊಂಡಿತ್ತು. ಅವಳು ಎಳೆದಳು, ಅಣ್ಣ ಕಬ್ಬಿಣ ಹಾಕಿ ಮೀಟಿದ, ಜಪ್ಪಯ್ಯ ಎನ್ನಲಿಲ್ಲ. ಹಾಗಾಗಿ ಡ್ರೈವರ್ ಕಡೆಯಿಂದಲೇ ಹತ್ತಿ, ಗೇರು ದಾಟಿ, ಆ ಸೀಟನ್ನು ಬಿಚ್ಚಿದಳು. ಬಿಚ್ಚಿದವಳಿಗೆ ನಗು ಬಂತು. ಬೆನ್ನು ತಾಗುವ ಕಡೆ ಕೆಳಗೆ ಗೆಡ್ಡೆಯಂಥ ಉಬ್ಬು, ಕೂರುವ ಕಡೆ ಮುಂಭಾಗ ಕತ್ತರಿಸಿ ತಗ್ಗಿಸಿದ್ದು. ಡ್ರೈವರ್ ಸೀಟಿಗೂ ಇದಕ್ಕೂ ಸಂಬಂಧವೇ ಇಲ್ಲ. ಯಾವ ದಡ್ಡನ ಕೆಲಸವೋ! ಸ್ಪಂಜಿನ ಮೇಲೆ ಯಾರೂ ಕೂತ ಗುರುತೂ ಇರಲಿಲ್ಲ.

"ಕೂರೋರೇ ಇಲ್ಲದ ಸೀಟು," ಎಂದಳು. ಬಾನೆಟ್ಟಿನೊಳಗೆ ಬಗ್ಗಿದ್ದ ಕೊಕ್ಕೆ ಇನ್ನಷ್ಟು ಬಗ್ಗಿದ.

ಅವಳು ಉಬ್ಬನ್ನು ಕೊಯ್ದು, ತಗ್ಗನ್ನು ತುಂಬಿ, ಎರಡು ಸೀಟುಗಳನ್ನೂ ಅವಳಿ ಜವಳಿಯಂತೆ ಮಾಡಿದಳು. ಹಳೆಯ ತುಂಡುಗಳನ್ನು ಸ್ಟೂಲಿಗಾದರೂ ಆದೀತೆಂದು ಚೀಲಕ್ಕೆ ಹಾಕಿದಳು. ಇಷ್ಟು ಚೆನ್ನಾಗಿ ಅವಳು ಎಂದೂ ಹೊಲಿದಿರಲಿಲ್ಲ.

ಉಳಿದದ್ದು ಕಾಗದ. ಕಾರು ಸತ್ತ ಮಾಲೀಕನ ಹೆಸರಲ್ಲೇ ಇತ್ತು. ಹೆಂಡತಿ, ಮಗ ಇಬ್ಬರೂ ಸಹಿ ಹಾಕಬೇಕು. ಅವರೆಲ್ಲೋ ಮನೆ ಬದಲಿಸಿ ಹೋಗಿ ಎಷ್ಟೋ ವರ್ಷವಾಗಿತ್ತು. ಕಾರ್ಯದರ್ಶಿ ಹುಡುಕಿ ಕೊಟ್ಟ ವಿಳಾಸಕ್ಕೆ ಕೊಕ್ಕೆಯೇ ತನ್ನ ಗಾಡಿಯಲ್ಲಿ ಕರೆದುಕೊಂಡು ಹೋದ. ಅಲ್ಲಿ ಈಗ ಮಕ್ಕಳ ಟ್ಯೂಷನ್ ನಡೆಯುತ್ತಿತ್ತು.

ಬರುವಾಗ ಅವಳು ಕಿಟಕಿಯ ಆಚೆಗೇ ನೋಡುತ್ತಿದ್ದಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದಿತ್ತು.

"ಸಿಗ್ತಾರೆ," ಎಂದ ಅವನು.

"ಸಿಗದಿದ್ರೆ?"

ಅವನು ಗೇರು ಬದಲಿಸಿದ. ಬದಲಿಸುವ ಅಗತ್ಯವಿರಲಿಲ್ಲ.

ಆ ವಾರವೇ ಎಂಜಿನ್ನಿನ ಜಾಮ್ ಬಿಟ್ಟಿತು. ಪಾನಾ ಸಲೀಸಾಗಿ ಪೂರ್ತಿ ಒಂದು ಸುತ್ತು ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬ್ಯಾಟರಿ ಜೋಡಿಸಿ ಅವನು ಕೀಲಿ ತಿರುಗಿಸಿದ. ಪಕ್ಕದ ಸೀಟಿನಲ್ಲಿ ಅವಳು ಉಸಿರು ಬಿಗಿಹಿಡಿದು ಕೂತಿದ್ದಳು. ಕೋಣ ಕೆಮ್ಮಿತು, ಸೀನಿತು, ಆಮೇಲೆ ಗುಡುಗಿತು!

ಅವಳು ನಕ್ಕಳು. ಅಷ್ಟರಲ್ಲಿ ಅವಳ ಮಂಡಿಯ ಬಳಿ, ಡ್ಯಾಶಿನ ಕೆಳಗೆ, ಹೊಗೆ ಎದ್ದಿತು. ವೈರು ಸುಡುತ್ತಿತ್ತು. ಗೇರು ದಾಟಲು ಹೋದ ಅವಳ ಕಾಲು ಸಿಕ್ಕಿಕೊಂಡಿತು.

ಕೊಕ್ಕೆ ಜಿಗಿದು ಆ ಬದಿಗೆ ಓಡಿದ. ಹಿಡಿಯನ್ನು ಮೇಲಕ್ಕೆತ್ತಿ ಮಂಡಿಯಿಂದ ಬಾಗಿಲಿನ ಕೆಳಮೂಲೆಗೆ ಒಂದು ಗುದ್ದು. ಬಾಗಿಲು ತೆರೆಯಿತು. ಅವಳನ್ನು ಹೊರಗೆಳೆದು, ಬ್ಯಾಟರಿಯ ತಂತಿ ಕಿತ್ತ. ಎಲ್ಲ ಮುಗಿಯಿತು. ಸುಟ್ಟದ್ದು ಗೇಣುದ್ದ ವೈರು ಅಷ್ಟೇ.

ಅವಳು ತೆರೆದ ಬಾಗಿಲನ್ನೇ ನೋಡುತ್ತಿದ್ದಳು.

"ಇದನ್ನ ಹೇಗೆ ತೆಗೆದ್ರಿ?"

"ಎಳೆದೆ, ಬಂತು."

"ನಾನೂ ಎಳೆದಿದ್ದೀನಿ. ನೀವು ನೋಡದೇ ತೆಗೆದ್ರಿ. ಎಲ್ಲಿ ಗುದ್ದಬೇಕು ಅಂತ ನಿಮ್ಮ ಮಂಡಿಗೆ ಗೊತ್ತಿತ್ತು."

ಅವನು ಕೈಯ ಮಸಿಯನ್ನು ಪ್ಯಾಂಟಿಗೆ ಒರೆಸಿದ. ತುಂಬ ಹೊತ್ತು ಒರೆಸಿದ.

"ನಮ್ಮಪ್ಪಂದು," ಎಂದ.

ಆಮೇಲೆ ತುಂಡು ತುಂಡಾಗಿ ಹೇಳಿದ. ಅಪ್ಪ ಗಳಿಸಿದ್ದೆಲ್ಲ ಇದಕ್ಕೇ ಹೋಯಿತು. ಅಮ್ಮ ಇದನ್ನು ಸವತಿ ಎಂದೇ ಕರೆಯುತ್ತಿದ್ದಳು. ಅಪ್ಪ ಸತ್ತ ಮೇಲೆ ಇದು ಅಲ್ಲೇ ಕೊಳೆಯಲಿ ಎಂದು ತಾಯಿ ಮಗ ಇಬ್ಬರೂ ಬಿಟ್ಟು ಹೋದರು. ಗುಜರಿಯ ಕೆಲಸ ಬಂದಾಗ, ಅಪ್ಪಚ್ಚಿಯಾಗುವುದನ್ನು ಕಣ್ಣಾರೆ ನೋಡಬೇಕೆಂದು ಅವನೇ ಕೇಳಿ ಪಡೆದಿದ್ದ.

ಅವಳ ಕಿವಿಗೆ ಅರ್ಧವೂ ಬೀಳಲಿಲ್ಲ.

"ನಿನ್ನನ್ನ ಹುಡುಕೋಕೆ ನಿನ್ನ ಗಾಡೀಲೇ ಕೂತು ಹೋದೆ," ಎಂದಳು. ಬಹುವಚನ ಬಿದ್ದುಹೋಗಿತ್ತು. "ನಾನು ದುಡಿದು ಮುಗಿಸೋ ತನಕ ಕಾದೆ. ಇನ್ನು ನಂದು ಅಂತ ಎತ್ಕೊಂಡು ಹೋಗ್ತೀಯ."

"ಅದಲ್ಲ..."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವನು ಬಗ್ಗಿ ಪಾನಾ ಎತ್ತಿಕೊಂಡ.

"ಹೋಗು."

ಅವನು ಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸುಟ್ಟ ವೈರನ್ನು ಅವಳೇ ಬದಲಿಸಿದಳು. ಪ್ರತಿ ಲಾರಿಯ ಸದ್ದಿಗೂ ಬೆಚ್ಚುತ್ತಿದ್ದಳು. ಬಂದರೆ ಕಾರು ಹೋಗುತ್ತದೆ. ಬಾರದಿದ್ದರೆ... ಬಾರದಿದ್ದರೂ ಎದೆಯಲ್ಲಿ ಅದೇ ಸಂಕಟ. ಅಣ್ಣ ಬಾಗಿಲಲ್ಲಿ ನಿಂತು ಏನೋ ಹೇಳಲು ಹೊರಟವನು ಅವಳ ಮುಖ ನೋಡಿ ಚಹಾದ ಲೋಟ ಇಟ್ಟು ಹೋದ.

ಭಾನುವಾರ ಬೆಳಿಗ್ಗೆ ಟೋಯಿಂಗ್ ಗಾಡಿ ಶೆಡ್ಡಿನ ಮುಂದೆ ಹಿಮ್ಮುಖವಾಗಿ ನಿಂತಿತು. ಅದರ ಕಬ್ಬಿಣದ ಕೊಕ್ಕೆ ಗಾಳಿಯಲ್ಲಿ ತೂಗುತ್ತಿತ್ತು.

ಅವಳು ಹಿಂದೆಮುಂದೆ ನೋಡದೆ ಕಾರೊಳಗೆ ನುಗ್ಗಿ ಸ್ಟೀರಿಂಗ್ ಹಿಡಿದಳು. *ಇಳಿಯಲ್ಲ. ಸತ್ತರೂ ಇಳಿಯಲ್ಲ.*

ಆದರೆ ಗಾಡಿಯಿಂದ ಮೊದಲು ಇಳಿದದ್ದು ಒಬ್ಬ ಹೆಂಗಸು. ತೀರ ಗಿಡ್ಡ. ಮೆಟ್ಟಿಲಿಗೆ ಕಾಲು ಎಟುಕದೆ ಮಗನ ಹೆಗಲು ಹಿಡಿದು, ಇನ್ನೊಂದು ಕೈ ಸೊಂಟಕ್ಕೆ ಕೊಟ್ಟು ಇಳಿದಳು.

"ಬದುಕಿದ್ದಾಳಾ ನನ್ನ ಸವತಿ?" ಎಂದು ಕಾರಿನ ಸುತ್ತ ಒಂದು ಸುತ್ತು ಬಂದಳು. "ನನಗಿಂತ ಚೆನ್ನಾಗಿದ್ದಾಳೆ ಬಿಡು. ಏನಮ್ಮ, ಇಳಿ. ಸಹಿ ಹಾಕೋಕೆ ಬಂದಿದೀನಿ. ಎದುರು ಮಾತಾಡದ ಮಗ ಮೂರು ದಿನದಿಂದ ನನ್ನ ತಲೆ ತಿಂದಿದ್ದಾನೆ."

ಸೂಜಿ ಇಳಿದಳು. ಕೊಕ್ಕೆ ನೆಲ ನೋಡುತ್ತಿದ್ದ.

"ಇದ್ರಲ್ಲಿ ಒಂದು ದಿನಾನೂ ನನ್ನ ಕೂರಿಸ್ಲಿಲ್ಲ ಆ ಮನುಷ್ಯ," ಎಂದಳು ತಾಯಿ. "ಒಂದು ಸಲ ಬಾ ಅಂದ್ರು. ಬರಲ್ಲ ಅಂದೆ. ಮತ್ತೆ ಕರೀಲಿಲ್ಲ."

"ನನ್ನನ್ನೂ ಮುಂದೆ ಕೂರೋಕೆ ಬಿಡ್ತಿರಲಿಲ್ಲ," ಎಂದ ಮಗ. "ಹಿಂದೇನೇ ಕೂರಬೇಕಿತ್ತು. ಅದು ಯಾರಿಗೆ ಮೀಸಲೋ ಏನೋ."

ಸೂಜಿ ತಾಯಿಯನ್ನು ನೋಡಿದಳು. ಆ ಎತ್ತರ. ಸೊಂಟದ ಮೇಲಿನ ಆ ಕೈ.

"ಅಮ್ಮ, ಸೊಂಟ ನೋವು ಯಾವಾಗಿಂದ?"

"ಇವನನ್ನ ಹೆತ್ತಾಗಿಂದ. ಯಾಕೆ?"

ಪೆನ್ನು ತಾಯಿಯ ಕೈಯಲ್ಲೇ ಇತ್ತು. ನಾಳೆ ವ್ಯಾಪಾರಿ ಬರುತ್ತಾನೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. *ಸುಮ್ಮನಿರು.*

"ಸಹಿ ಆಮೇಲೆ ಹಾಕಿ," ಎಂದಳು ಸೂಜಿ. "ನಾನೊಂದು ತಪ್ಪು ಮಾಡಿದ್ದೀನಿ. ಆ ಸೀಟನ್ನ ಹಾಳು ಮಾಡಿದ್ದೀನಿ. ಸಂಜೆ ತನಕ ಟೈಮ್ ಕೊಡಿ."

ತನ್ನ ಅತ್ಯುತ್ತಮ ಹೊಲಿಗೆಯನ್ನು ತಾನೇ ಬಿಚ್ಚಿದಳು. ಚೀಲ ಸುರುವಿ ಹಳೆಯ ತುಂಡುಗಳನ್ನು ಹುಡುಕಿದಳು. ಉಬ್ಬನ್ನು ಅದರ ಜಾಗಕ್ಕೆ ಅಂಟಿಸಿ, ಮುಂಭಾಗವನ್ನು ಮತ್ತೆ ತಗ್ಗಿಸಿ, ಚರ್ಮ ಎಳೆದು ಕೂರಿಸಿದಳು. ಕೊಕ್ಕೆ ಕೇಳದೆಯೇ ಬಂದು ಚರ್ಮದ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದ. ಬೇಡ ಎನ್ನಲು ಅವಳಿಗೆ ಪುರುಸೊತ್ತಿರಲಿಲ್ಲ.

ಬಿಸಿಲು ಇಳಿಯುವಾಗ ಅವನು ಹಿಡಿ ಎತ್ತಿ ಮಂಡಿಯಿಂದ ಗುದ್ದಿದ. ಬಾಗಿಲು ತೆರೆಯಿತು. ತಾಯಿ ಗೊಣಗುತ್ತಲೇ ಕೂತಳು.

ಗೊಣಗಾಟ ನಿಂತಿತು.

ಅವಳ ಎರಡೂ ಪಾದಗಳು ನೆಲ ಮುಟ್ಟಿದ್ದವು. ಸೊಂಟದ ಮೇಲಿದ್ದ ಕೈ ತಾನಾಗಿ ತೊಡೆಯ ಮೇಲೆ ಬಂತು.

"ಇದನ್ನ ನಾನು ಮಾಡಿದ್ದಲ್ಲ," ಎಂದಳು ಸೂಜಿ. "ಮೊದಲಿಂದಲೂ ಹೀಗೇ ಇತ್ತು. ನಿಮ್ಮ ಅಳತೆಗೆ."

ತಾಯಿ ಎದುರಿನ ಗಾಜನ್ನೇ ನೋಡುತ್ತಾ ಕೂತಳು. ಅಳಲಿಲ್ಲ. "ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ಅವರಿಗೆ?" ಎಂದಳು. ಮಗನ ಕಡೆ ತಿರುಗಿದಳು. "ನೀನೂ ಅವರ ಹಾಗೇ ಬಾಯಿಗೆ ಬೀಗ ಹಾಕ್ಕೊಂಡು ಸಾಯ್ತೀಯಾ? ನನ್ನ ಹತ್ರ ಹೇಳಿದ್ದನ್ನ ಆ ಹುಡುಗಿ ಹತ್ರ ಹೇಳೋ."

ಕೊಕ್ಕೆ ಕೆಂಪಾದ.

"ಸಹಿ ಹಾಕಿದ್ರೆ ಕೆಲಸ ಮುಗೀತು," ಎಂದ ಕೊನೆಗೆ. "ಆಮೇಲೆ ಈ ಶೆಡ್ಡಿಗೆ ಏನಂತ ಬರ್ಲಿ? ಇವತ್ತು ಹೇಳೋಣ, ನಾಳೆ ಹೇಳೋಣ ಅಂತ... ಅಷ್ಟೇ. ಬೇರೆ ಏನೂ ಇಲ್ಲ."

"ನಿನ್ನ ನೆಪಕ್ಕೆ ನಾನು ನಿದ್ದೆ ಬಿಟ್ಟಿದ್ದೀನಿ."

"ಗೊತ್ತು. ತಪ್ಪು ನಂದೇ."

"ಬೈ, ಚೆನ್ನಾಗಿ ಬೈ," ಎಂದಳು ತಾಯಿ ಸೀಟಿನಿಂದಲೇ. "ನನಗೆ ಬೈದು ಬೈದು ಸಾಕಾಗಿದೆ." ಮಡಿಲ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿ, ಪೆನ್ನನ್ನು ಮಗನಿಗೆ ಕೊಟ್ಟಳು. ಅವನೂ ಹಾಕಿದ.

ಸೋಮವಾರ ವ್ಯಾಪಾರಿ ಬಂದ. ಎಂಜಿನ್ನಿನ ಸದ್ದು ಕೇಳಿದ, ಕಾಗದ ನೋಡಿದ, ತಲೆದೂಗಿದ. ಪಕ್ಕದ ಸೀಟನ್ನು ಮಾತ್ರ ಸಮ ಮಾಡಬೇಕು ಎಂದ. ಅವಳು ಆಗುವುದಿಲ್ಲ ಎಂದಳು. ಹಾಗಾದರೆ ಈ ಕಾರು ತನಗೆ ಬೇಡವೆಂದು ಅವನು ಹೊರಟ. ಗೇಟಿನವರೆಗೆ ಹೋದವನು ತಿರುಗಿ ಬಂದು, ಪಟ್ಟೆಯ ಹೊಲಿಗೆಯನ್ನು ಇನ್ನೊಮ್ಮೆ ಸವರಿ, ತನ್ನ ಎರಡು ಕಾರುಗಳ ಸೀಟು ಹೊಲಿಯಲು ಕೊಟ್ಟ. ವರ್ಷದ ಕೆಲಸದ ಮಾತು ಅದನ್ನು ನೋಡಿದ ಮೇಲೆ ಎಂದ.

ಅಣ್ಣ ತಲೆ ಕೆರೆದುಕೊಂಡ. "ಬಾಡಿಗೆ ಕೊಡೋ ಹಾಗಿದ್ರೆ ಶೆಡ್ ನೀನೇ ಇಟ್ಕೋ. ಬೋರ್ಡೂ ನೀನೇ ಬರೆಸ್ಕೋ," ಎಂದ.

ಸಂಜೆ ಕೊಕ್ಕೆ ಬಂದ. ಈ ಕಡೆ ಹೋಗುತ್ತಿದ್ದೆ ಎನ್ನಲಿಲ್ಲ. ಎಣ್ಣೆಯ ಡಬ್ಬಿ, ಪಾನಾ ಹಿಡಿದು ಪಕ್ಕದ ಬಾಗಿಲಿನ ಬಳಿ ಕೂತು, ಈ ಬೀಗವೊಂದನ್ನು ಸರಿ ಮಾಡಿಬಿಡುತ್ತೇನೆ ಎಂದ.

"ಬೇಡ, ಹಾಗೇ ಇರ್ಲಿ," ಎಂದಳು ಅವಳು.

"ನಿನಗೆ ತೆಗೆಯೋಕೆ ಬರಲ್ವಲ್ಲ."

"ಬರಲ್ಲ."

"ಹಾಗಾದ್ರೆ ಪ್ರತಿ ಸಲಾನೂ ನಾನೇ ಬರಬೇಕಾಗುತ್ತೆ."

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಬಾ," ಎಂದಳು.